ಫ್ಯಾನಿಲ್ಲದ ಪೆಟ್ಟಿಗೆ

ಹಳೇ ಮನೆ, ಹಿಂದಿನ ಕೋಣೆ
ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಬೀರು ಸರಿಸುವ ಆಸಾಮಿ ನೀನು, ಅದಕ್ಕೇ ಕೇಳುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತಿಗೆ ಮಾತ್ರ ನನ್ನ ಹೊಸ ಹುಚ್ಚಿಗೆ ತಲೆ ಚಚ್ಚಿಕೊಳ್ಳುತ್ತಿದ್ದಾಳೆ.

ಟೀವಿಗೊಂದು ಕಂಪ್ಯೂಟರ್ ಜೋಡಿಸಿ, ನಮ್ಮ ಹಳೆಯ ವಿಡಿಯೋ ಟೇಪುಗಳನ್ನೆಲ್ಲ ಅದಕ್ಕೆ ತುಂಬಿಸಿದ್ದೇನೆ. ನೀನು ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟೆಯಲ್ಲ, ಆ ವಾರ ನಾನು ಗೆಳೆಯನ ಕ್ಯಾಮೆರಾದಲ್ಲಿ ಹಿಡಿದದ್ದೂ ಇದೆ. ಅದರಲ್ಲಿ ದೂರದ ಬಾಗಿಲ ಬಳಿ ಅಮ್ಮ ಅಪ್ಪನಿಗೆ ಏನೋ ಹೇಳುತ್ತಾಳೆ. ಹಳೆಯ ಪ್ಲೇಯರಿನ ಗೊರಗೊರದಲ್ಲಿ ಅದು ಎಂದೂ ಕೇಳಿಸಿರಲಿಲ್ಲ. ಆ ಮಾತಿಗಾಗಿಯೇ ಇಷ್ಟೆಲ್ಲ ಒದ್ದಾಟ. ಅಪ್ಪನ ಹಾಗೇ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು, ಯಂತ್ರ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತಲೇ ನಂಬಿದವನು. ಅಂಗಡಿಯಲ್ಲಿದ್ದ ಅತಿ ಬಲವಾದ ಪ್ರೊಸೆಸರ್, ಚಿತ್ರ ಮೂಡಿಸಲು ಬೇರೆಯದೇ ಗ್ರಾಫಿಕ್ಸ್ ಕಾರ್ಡ್, ಮೂರು ಫ್ಯಾನು ತಂದೆ. ಸ್ವಿಚ್ ಹಾಕಿದರೆ ಹಿಟ್ಟಿನ ಗಿರಣಿ! ಅಮ್ಮನ ತುಟಿ ಆಡುವುದಷ್ಟೇ ಕಂಡಿತು. ಅಳುವೇ ಬಂತು.

ಮತ್ತೆ ಹೋಗಿ ಕೇಳಿದರೆ ಅಂಗಡಿಯಾಕೆ ನಕ್ಕರು. “ಸರ್, ನೀವೇನು ಗೇಮ್ ಆಡ್ತೀರಾ? ಬರೀ ವಿಡಿಯೋ ನೋಡೋಕೆ ಹತ್ತು ವ್ಯಾಟಿನ ಪ್ರೊಸೆಸರ್ ಸಾಕು.” ಗ್ರಾಫಿಕ್ಸ್ ಆ ಪ್ರೊಸೆಸರಿನೊಳಗೇ ಇದೆಯಂತೆ. ಹೆಚ್ಚು ಬಿಸಿಯಾಗುವುದಿಲ್ಲ, ಫ್ಯಾನೇ ಬೇಡ, ಮೇಲೊಂದು ಅಲ್ಯೂಮಿನಿಯಂ ತುಂಡು ಕೂರಿಸಿದರಾಯಿತು. ಅದನ್ನೇ ತಂದೆ, ಪೆಟ್ಟಿಗೆ ದಪ್ಪ ಪುಸ್ತಕದಷ್ಟಿದೆ. ಕಿವಿಯಿಟ್ಟು ಕೇಳಿದೆ, ಸದ್ದೇ ಇಲ್ಲ.

ಅಪ್ಪನ ಪ್ರೊಜೆಕ್ಟರ್ ಕೋಣೆ ನೆನಪಿದೆಯೇನೋ? ಆ ಗದ್ದಲದಲ್ಲಿ ಸಿನಿಮಾದ ಒಂದು ಮಾತೂ ಕೇಳಿಸದೆ, ಗೋಡೆಯ ಕಿಂಡಿಯ ಬಳಿ ಕೆನ್ನೆಗೆ ಕೆನ್ನೆ ತಾಗಿಸಿ ನಿಲ್ಲುತ್ತಿದ್ದೆವು. ಮಾತೆಲ್ಲ ನೀನೇ ಹುಟ್ಟಿಸುತ್ತಿದ್ದೆ. ಖಳನಾಯಕನ ಬಾಯಲ್ಲಿ ನಮ್ಮ ಗಣಿತದ ಮೇಷ್ಟರ ಬೈಗುಳ! ನಕ್ಕೂ ನಕ್ಕೂ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಅಮ್ಮ ಬಂದು ಕಿವಿಯ ಹತ್ತಿರ ಬಾಗಿ, “ಸಾಕು, ನಡೀರಿ” ಎನ್ನುತ್ತಿದ್ದಳು. ಅವಳು ದನಿ ಏರಿಸಿದ್ದನ್ನು ನಾನು ಕಂಡೇ ಇಲ್ಲ. ಆ ದಿನಗಳು ಇನ್ನೊಮ್ಮೆ ಬೇಕು ಅನ್ನಿಸುತ್ತದೆ ಕಣೋ.

ಮಕ್ಕಳಿಗೆ ದೊಡ್ಡಪ್ಪನ ಆಶೀರ್ವಾದ ತಿಳಿಸು.

ಇವತ್ತಿಗೂ ನಿನ್ನ ಮೇಲೆ ರೇಗುವ,
ಅಣ್ಣ

ಮತ್ತೆ: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಮ್ಮನೂ ಅಪ್ಪನ ಕಡೆಗೇ ಇದ್ದಳು ಎನ್ನುತ್ತೀಯಲ್ಲ, ಆ ಟೇಪಿನಲ್ಲಿ ಅವಳು ಹೇಳಿದ್ದು ಇದು: “ತಪ್ಪು ನಿಮ್ದು. ನೀವೇ ಹೋಗಿ ಕರ್ಕೊಂಡ್ ಬನ್ನಿ. ಅವನು ಬರೋವರೆಗೂ ನಾನು ನಿಮ್ ಜೊತೆ ಊಟಕ್ಕೆ ಕೂರಲ್ಲ.” ಕೊನೆಯವರೆಗೂ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಉಂಡಳು ಕಣೋ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿದ್ದೆ ನಾನು.