ಅಜ್ಜಿಯ ಮಣಿಕಟ್ಟು

ಜೂನ್ 4
ಇವತ್ತೂ ಕಾಜ, ಗುಂಡಿ, ಕಾಜ. ಒಂಬತ್ತು ಶರ್ಟು. ಸ್ಕೂಲು ಬಿಟ್ಟವಳಿಗೆ ಒಂದೆಡೆ ಕೂರುವುದಾದರೂ ಬರಬೇಕಿತ್ತು. ನಾಲ್ಕು ಸಲ ಎದ್ದು ಓಡಾಡಿದೆ.
ಅಜ್ಜಿ ತನ್ನ ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಐದು ದಿನ. ಬಲಗೈ ಊರಿದ್ದಳು, ಅಷ್ಟೇ. ಮಣಿಕಟ್ಟು ಬಿಸ್ಕತ್ತಿನಂತೆ ಮುರಿಯಿತು. “ಮೂಳೆ ಒಳಗೆ ಟೊಳ್ಳಾಗಿದೆ” ಅಂದರು ಡಾಕ್ಟರಮ್ಮ. ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ್ದಾರೆ. ಸರಿಯಾಗಿ ಕೂಡದಿದ್ದರೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರೇ ಇಲ್ಲ. ಕತ್ತರಿಯನ್ನು ಅವಳು ಯಾರಿಗೂ ಕೊಟ್ಟವಳಲ್ಲ.

ಜೂನ್ 6, ಮಧ್ಯಾಹ್ನ
ಸಿಕ್ಕಿಬಿದ್ದಳು. ಪ್ಲಾಸ್ಟರ್ ಕೈಯನ್ನೇ ಬಟ್ಟೆಯ ಮೇಲೆ ಕಲ್ಲಿನ ಹಾಗೆ ಊರಿ, ಅದರಿಂದ ಹೊರಗಿದ್ದ ಬೆರಳಲ್ಲೇ ಕತ್ತರಿ ಹಿಡಿದು ಕಾಲರು ಕತ್ತರಿಸುತ್ತಿದ್ದಳು!
“ಅಜ್ಜಿ, ಏನಿದು?”
“ಬೆರಳು ಮುರಿದಿಲ್ವಲ್ಲೇ. ಬಾಯಿ ಬಿಟ್ಟೆಯೋ, ನಿನ್ನ ನಾಲಿಗೆಗೂ ಕಾಜ ಹಾಕ್ತೀನಿ.”
ನಗು ಬಂತು. ಆಮೇಲೆ ಅವಳ ಹಣೆಯ ಬೆವರು ಕಂಡಿತು.

ಜೂನ್ 7
ಡಾಕ್ಟರಮ್ಮ ಕೇಳಿದರು: “ಕೈಗೆ ಕೆಲಸ ಕೊಟ್ಟಿಲ್ಲ ತಾನೇ?”
“ಛೆ, ಇಲ್ಲಮ್ಮ.”
“ಸುಳ್ಳು. ನಿನ್ನೆ ಎರಡು ಕಾಲರು ಕತ್ತರಿಸಿದ್ದಾಳೆ” ಅಂದುಬಿಟ್ಟೆ.
ತಕ್ಷಣ ಎಕ್ಸ್‌ರೇ. ಮೂಳೆ ಜಾರಿದೆ. ಡಾಕ್ಟರಮ್ಮ ಬೈಯಲಿಲ್ಲ. “ಟೊಳ್ಳು ಮೂಳೆ ತಾನಾಗಿಯೂ ಜಾರುತ್ತೆ. ಈ ವಯಸ್ಸಲ್ಲಿ ಎಲ್ಲರಿಗೂ ಆಪರೇಷನ್ ಬೇಕಾಗಲ್ಲ. ಆದ್ರೆ ನಿಮಗೆ ಕತ್ತರಿ ಬೇಕಲ್ವಾ ಅಜ್ಜಿ? ಪ್ಲೇಟು ಹಾಕೋಣ. ತಡವಾಗಿ ಗೊತ್ತಾಗಿದ್ರೆ ಸೊಟ್ಟಗೇ ಕೂಡ್ಕೊಳ್ತಿತ್ತು.”
ಪ್ರೀತಿಯಿಂದ ಹೇಳಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಅವಳ ಕೈ ಕೂಡದಿದ್ದರೆ ಕತ್ತರಿ ಕೆಲಸವೂ ನನ್ನ ಕೊರಳಿಗೆ ಬೀಳುತ್ತದೆಂದು ಹೆದರಿದ್ದೆ.

ಜೂನ್ 11
ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಇವತ್ತು ಆಪರೇಷನ್. ತೋಳು ಮಾತ್ರ ಮರಗಟ್ಟಿಸಿದ್ದರಂತೆ, ಎಚ್ಚರವಾಗಿದ್ದಳು. ಹೊರಬಂದವಳೇ, “ಏಳು ಸ್ಕ್ರೂ ಕಣೇ. ಹೊಲಿಗೆ ಮಾತ್ರ ಒಂದೇ ಅಳತೆಗಿಲ್ಲ.”
“ಮುಂದಿನ ಸಲ ನೀವೇ ಹಾಕಿ” ಅಂದರು ಡಾಕ್ಟರಮ್ಮ.
ನನ್ನ ಜೊತೆ ಮಾತಾಡಿದಳು! ಓಡಿಹೋಗಿ ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಹೇಳಿದೆ. ಯಾವುದಕ್ಕೆ ಅಂತ ಅವರಿಗೆ ಪೂರ್ತಿ ಗೊತ್ತಾಗಿರಲಿಕ್ಕಿಲ್ಲ.

ಜುಲೈ 26
ಮೂಳೆ ಕೂಡಿದೆ. ಟೊಳ್ಳಿಗೂ ಮದ್ದು ಶುರು. ಮುಷ್ಟಿ ಬಿಗಿಯಾಗಿಲ್ಲ. ಅಂಗೈ ಮೇಲೆ, ಕೆಳಗೆ… ದಿನಕ್ಕೆ ನಾಲ್ಕು ಸಲ ತಿರುಗಿಸುತ್ತಾಳೆ, ನನ್ನನ್ನು ಬೈಯುತ್ತ. ಬೈಯಲಿ.

ಆಗಸ್ಟ್ 19
ಕಾಲರು ಕತ್ತರಿಸಲು ನನಗೇ ಕೊಟ್ಟಳು. ಅರ್ಧ ಇಂಚು ತಪ್ಪಿದೆ. ಮುಚ್ಚಿಡಲಿಲ್ಲ, ತೋರಿಸಿದೆ. ಕಿವಿ ಹಿಡಿದು ತಿರುಚಿದಳು — ಬಲಗೈಯಲ್ಲಿ!
ಪ್ರಾಣ ಹೋಯಿತು. ಬಿಡಿಸಿಕೊಳ್ಳಲಿಲ್ಲ. “ಇನ್ನೂ ತಿರುಗಿಸು ಅಜ್ಜಿ, ಎಲ್ಲಿವರೆಗೆ ಬರುತ್ತೆ ನೋಡೋಣ.”
ಕಿವಿ ಬಿಟ್ಟಳು. ಮಣಿಕಟ್ಟನ್ನೇ ನೋಡಿಕೊಂಡಳು. ನನ್ನನ್ನೂ ನೋಡಿದಳು. “ಅವತ್ತು ನೀನು ಬಾಯಿ ಬಿಡದೇ ಇದ್ದಿದ್ರೆ…”
ಅಷ್ಟರಲ್ಲಿ ಗಿರಾಕಿ ಬಂದರು. ಈಗ ಮತ್ತೆ ಕರೆಯುತ್ತಿದ್ದಾಳೆ, ಬಹುಶಃ ಉಳಿದರ್ಧ ಹೇಳಲು —