ಕೆಂಪು ಹಳದಿ ಜೂಲದ ಚೀಟಿ

ನ. 18, ಮಂಗಳವಾರ. ಬೆಳಿಗ್ಗೆ 10

ಇವತ್ತೂ ಜೂಲ ಹರಡಿಕೊಂಡು ಕೂತೆ. ಹೋರಿಗಳ ಬೆನ್ನಿಗೆ ಹೊದಿಸುವ ಜೂಲ ಮೂವತ್ತೆರಡು ಬಂದಿವೆ. ಹಾನಗಲ್ಲಿನ ಪ್ರದರ್ಶನದ ಗೋಡೆಗೆ ಹಿಡಿಯುವುದು ಹನ್ನೆರಡು. ಆರಿಸುವವನು ನಾನು. 'ಉಳಿವೆಪ್ಪ, ನೀವ ನಮ್ಮ ಕ್ಯುರೇಟರ್' ಅಂತ ಪ್ರದರ್ಶನ ನಡೆಸುವ ಮೃಣಾಲಿನಿ ಮೇಡಮ್ ಹುಬ್ಬಳ್ಳಿಯಿಂದ ಫೋನ್ ಮಾಡಿದಾಗಲೆಲ್ಲ ಅನ್ನುತ್ತಾರೆ. ಏಳನೇ ತರಗತಿ ಅರ್ಧಕ್ಕೆ ಬಿಟ್ಟವನು, ಆ ಶಬ್ದಕ್ಕೇ ಬೆವರುತ್ತೇನೆ. ಹಿರೇಕೆರೂರಿನಲ್ಲಿ ಇಪ್ಪತ್ತು ವರ್ಷ ಜೂಲ ಹೊಲಿದಿದ್ದೇನೆ, ಅಷ್ಟೇ. ನನಗೆ ಸೇರುವುದು ನೀಲಿ ಮಖಮಲ್ಲು, ಅಂಚಿಗೆ ಜರಿ. ಅದೇ ಚೆಂದ ಅಂತ ಗ್ಯಾರಂಟಿ ಏನು...

ನ. 19, ಬುಧವಾರ

ತಿಳವಳ್ಳಿಯ ಮಾದೇವಿ ಬಂದಿದ್ದಳು, ಕರಬಸಪ್ಪನ ಹೆಂಡತಿ. ಪ್ರದರ್ಶನಕ್ಕೆ ಅಂತ ತಂದದ್ದು ತಾನೇ ಕೈಯಲ್ಲಿ ಹೊಲಿದ ಜೂಲ, ಹಳೆ ಸೀರೆಯ ತುಂಡಿನದು. ಗಾಢ ಕೆಂಪು, ಮಗ್ಗುಲಿಗೇ ಹಳದಿ. ನಡುವೆ ಒಂದೇ ಒಂದು ಸೊಟ್ಟ ಕರಿ ಗೆರೆ. ನೋಡುತ್ತಲೇ ನೀಲಿ ಮಖಮಲ್ಲಿನದನ್ನು ಪಕ್ಕಕ್ಕೆ ಸರಿಸಿದೆ. ನನಗೆ ಯಾಕೆ ಹೊಳೆಯಲಿಲ್ಲ?

'ಎಲ್ಲಿ ನೋಡಿದ್ರಿ ಅಕ್ಕಾರ, ಈ ಡಿಸೈನು?'

'ಡಿಸೈನೇನ್ ಬಂತ್ರಿ. ಹ್ವಾದ ವರ್ಷ ಅಂಗಳದಾಗ ಮೆಣಸಿನಕಾಯಿ, ಗೋವಿನಜೋಳ ಬಾಜೂಬಾಜೂಕ ಒಣಾ ಹಾಕಿದ್ದೆ. ನಡಕ ಇರುವಿ ಸಾಲು ಹಚ್ಚಿದ್ವು. ಚಂದ ಕಂಡ್ತು, ಓಡಸಾಕ ಮನಸ್ಸಾಗಲಿಲ್ಲ. ಇರುವಿ ಸಾಕೀಯೇನ ಅಂತ ನಮ್ಮನಿಯವ್ರು ಬೈದ್ರು.'

ನಕ್ಕಳು. ನಾನೂ ನಕ್ಕೆ.

ನ. 21, ಶುಕ್ರವಾರ

ಬರೆಯಬಾರದು ಅಂದುಕೊಂಡಿದ್ದೆ.

ಮೇಡಮ್ ಬಂದರು. ಎಲ್ಲ ಬಿಟ್ಟು ಮಾದೇವಿಯ ಜೂಲವನ್ನೇ ಎತ್ತಿದರು. 'ಇದು ನಿಮ್ಮ ಕೈಯಾಗಿಂದೇನ್ರಿ?' ಹೂಂ ಅಂದೆ. ಯಾಕೆ ಅಂದೆನೋ. 'ಹೆಂಗ ಹೊಳೀತು ನಿಮಗ?' ಅಂಗಳ, ಮೆಣಸಿನಕಾಯಿ, ಇರುವೆ — ಎಲ್ಲ ಹೇಳಿದೆ. ಬೈಸಿಕೊಂಡದ್ದನ್ನೂ ಬಿಡಲಿಲ್ಲ, ನನ್ನ ಹೆಂಡತಿ ಬೈದಳು ಅಂದೆ. ಅವರು ಬರೆದುಕೊಂಡರು. ಈಗ ಹೇಳೋಣ, ಈಗ ಹೇಳೋಣ ಅನ್ನುವಷ್ಟರಲ್ಲಿ ಕಾರು ಹೋಯಿತು.

ನ. 24, ಸೋಮವಾರ

ಪ್ರದರ್ಶನ ಶುರು. ಪ್ರತಿ ಜೂಲದ ಕೆಳಗೆ ಪ್ರಿಂಟಾದ ಚೀಟಿ. ಆ ಜೂಲದ್ದು — 'ವಿನ್ಯಾಸ, ಹೊಲಿಗೆ: ಉಳಿವೆಪ್ಪ, ಹಿರೇಕೆರೂರು.' ನಾನೇ ಅಂಟಿಸಿದೆ.

ನ. 26, ಬುಧವಾರ

ಮಾದೇವಿ ಹೊಸ ಸೀರೆ ಉಟ್ಟು ಬಂದಳು. ಓದು ಬರದು ಅವಳಿಗೆ.

'ಏನ್ ಬರ್ದಾರ, ಓದ್ರಿ ಅಣ್ಣಾರ.'

'ಮಾದೇವಿ ಕರಬಸಪ್ಪ, ತಿಳವಳ್ಳಿ,' ಅಂದೆ.

'ಊರೂ ಹಾಕ್ಯಾರ?' ಸೆರಗು ಬಾಯಿಗೆ ಅಡ್ಡ ಹಿಡಿದಳು. ಫೋಟೊ ತೆಗೆಯಿರಿ, ಹಂಸಭಾವಿಯಲ್ಲಿ ಓದುವ ಮಗಳು ಭಾಗ್ಯಶ್ರೀಗೆ ಕಳಿಸಬೇಕು ಅಂದಳು. ಚೀಟಿ ಮರೆಯಾಗುವ ಹಾಗೆ ನಿಲ್ಲಿಸಿದೆ. ಈ ಕಡೆ ಸರೀರಿ, ಇನ್ನಷ್ಟು... 'ಅಕ್ಷರಕ್ಕ ಅಡ್ಡ ಆಕ್ಕೇನಲ್ರಿ' ಅಂತ ತಾನೇ ಪಕ್ಕಕ್ಕೆ ಸರಿದಳು.

ಫೋಟೊದಲ್ಲಿ ಚೀಟಿಯೂ ಸ್ಪಷ್ಟ ಬಂದಿದೆ. ನೆಟ್ ಇಲ್ಲ, ಆಮೇಲೆ ಕಳಿಸುತ್ತೇನೆ ಅಂದೆ. ನೆಟ್ ಇತ್ತು.

ನ. 28, ಶುಕ್ರವಾರ. ಮಧ್ಯಾಹ್ನ

ಭಾಗ್ಯಶ್ರೀಯ ಫೋನು ಇದು ನಾಲ್ಕನೆಯದು. 'ಅಂಕಲ್, ಅವ್ವನ ಫೋಟೊ?' ಅಳಿಸಲು ಹೋಗಿ ಅಳಿಸಲಿಲ್ಲ. ಕಳಿಸಿದೆ. ವಾಟ್ಸಪ್ಪಿನಲ್ಲಿ ನೀಲಿ ಟಿಕ್ ಬಂತು, ನೋಡಿದ್ದಾಳೆ. ಆಮೇಲೆ ಅವಳ ಫೋನಿಲ್ಲ.

ನ. 29, ಶನಿವಾರ

ಮೊದಲ ಬಸ್ಸಿಗೇ ಮಾದೇವಿ ಬಂದಳು. ಒಬ್ಬಳೇ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಪ್ರದರ್ಶನದ ಹಾಲ್‌ನಲ್ಲಿ ಹತ್ತು ಮಂದಿ, ಮೇಡಮ್ಮೂ ಇದ್ದರು.

'ಮೊನ್ನಿ ಓದಿದ್ರಲ್ಲ. ಈಗ ಅಲ್ಲಿ ಇದ್ದದ್ದನ್ನ ಓದ್ರಿ.'

ಸಣ್ಣಗೆ ಓದಿದೆ.

'ಕೇಳವಲ್ದು. ಮೇಡಮ್ಮಾರಿಗೂ ಕೇಳ್ಲಿ.'

ಜೋರಾಗಿ ನನ್ನ ಹೆಸರು ಓದಿದೆ. ಎಲ್ಲರೂ ತಿರುಗಿದರು. ಇದು ಸುಳ್ಳು ಮೇಡಮ್, ಈ ಅಕ್ಕಾರದು, ಅಂದೆ. ಮೇಡಮ್ ನನ್ನ ಕಡೆ ನೋಡಲೇ ಇಲ್ಲ. ಮಾದೇವಿಯ ಕೈ ಹಿಡಿದು, ಹೆಂಗ ಹೊಳೀತ್ರಿ ನಿಮಗ, ಅಂದರು.

'ಅಂಗಳದಾಗ ಮೆಣಸಿನಕಾಯಿ ಒಣಾ ಹಾಕಿದ್ದೆರಿ...'

'ನಡಕ ಇರುವಿ,' ಅಂದುಬಿಟ್ಟರು ಮೇಡಮ್.

ಮಾದೇವಿ ಅವರ ಕೈಯಿಂದ ಕೈ ಬಿಡಿಸಿಕೊಂಡಳು. ಮೆಲ್ಲಗೆ ನನ್ನ ಕಡೆ ತಿರುಗಿದಳು.

'ಅದನ್ನೂ ನಿಮ್ಮದ ಅಂದ್ರೇನ್ರಿ, ಅಣ್ಣಾರ?'

ನಾನು ಹೂಂ ಅಂದೆ, ಎಲ್ಲರಿಗೂ ಕೇಳುವ ಹಾಗೆ.