ಯಜಮಾನರನ್ನು ಚುಚ್ಚಿದ ಕರೆಂಟು

ಹೈದರಾಬಾದ್, ಬುಧವಾರ

ಅಕ್ಕಾ, ನಿನಗೆ ಗುಣವತಿಯ ನಮಸ್ಕಾರ.

ನನ್ನ ಅಂಗಾಲುರಿಯನ್ನು ಇಲ್ಲಿ ನೋವಿನ ಸಂಶೋಧನೆ ಮಾಡುವ ಡಾಕ್ಟರೊಬ್ಬರು ಪರೀಕ್ಷಿಸಿದರು; ನಮ್ಮ ಬೀದರಿನವರೇ. ಪಾದಕ್ಕೆ ಅಂಗಿಯ ಗುಂಡಿಯಷ್ಟು ಬಿಲ್ಲೆ ಅಂಟಿಸಿ, ಸಣ್ಣ ನರಗಳಿಗೆ ಮಾತ್ರ ತಾಗುವಂತೆ ಕರೆಂಟನ್ನು ಮೆಲ್ಲಗೆ ಏರಿಸುತ್ತಾರೆ. ಚುಚ್ಚಿದ ಕೂಡಲೇ ಹೇಳಬೇಕು. ಹೋಲಿಸಿ ನೋಡಲು ಆರೋಗ್ಯವಂತರೊಬ್ಬರು ಬೇಕೆಂದಾಗ ನಮ್ಮ ಯಜಮಾನರೇ ಕುಳಿತರು. ಕರೆಂಟು ಶುರುವಾಗುತ್ತಲೇ "ಸಾಕ್ರಿ, ಸಾಕ್ರಿ" ಎಂದು ಕಾಲು ಎಳೆದುಕೊಂಡರು. ನನಗೆ ಅದರ ಎಷ್ಟೋ ಪಟ್ಟು ಏರಿಸಿದ ಮೇಲೆ ಸ್ವಲ್ಪ ಚುರುಕ್ಕೆಂದಿತು.

ಡಾಕ್ಟರು ಇವರ ಕಡೆ ತಿರುಗಿ, "ದೊಡ್ಡ ನರ ಚಲೋ ಅದಾವು, ಅದಕ್ಕ ಹಿಂದಿನ ಪರೀಕ್ಷೆದಾಗ ಏನೂ ಸಿಕ್ಕಿಲ್ಲ. ಕೆಟ್ಟಿದ್ದು ಸಣ್ಣ ನರ ರೀ. ಈ ಬಾಯಾರ ಅಂಗಾಲುರಿ ಖರೇನ ಐತಿ" ಎಂದರು. ಇಷ್ಟು ದಿನ "ಎಲ್ಲಾ ನಿನ್ನ ಭ್ರಮೆ" ಎನ್ನುತ್ತಿದ್ದವರು ಗುಳಿಗೆಯ ಚೀಟಿಯನ್ನು ತಾವೇ ಕೇಳಿ ಪಡೆದರು. ರೋಗವಿದೆ ಎಂದು ಕೇಳಿ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಗುಳಿಗೆ ಶುರುವಾಗಿದೆ, ನಿದ್ದೆ ಬರುತ್ತಿದೆ. ನಿನ್ನೆ ಸುಲ್ತಾನ್ ಬಜಾರಿನಲ್ಲಿ ಇವರು ಮೆತ್ತನೆಯ ಚಪ್ಪಲಿ ಹುಡುಕಿ, ಅಂಗಡಿಯವನ ಎದುರಿಗೇ ಕೆಳಗೆ ಕೂತು ನನ್ನ ಕಾಲಿಗೆ ತೊಡಿಸಿದರು. "ಇನ್ನೂ ಭಾಳ ಉರಿತೈತೇನು?" ಎಂದು ಕೇಳಿದರು. ಹೀಗೆ ಕೇಳಿದ್ದು ಇದೇ ಮೊದಲು, ಅಕ್ಕಾ.

ಕಾರ್ಡು ತುಂಬಿತು.
ಗುಣವತಿ